ಕಾವ್ಯಕ್ಕೊಂದು ಚಕ್ಕುಬಂದಿ

ನಮ್ಮ ತಾತ ಶಾನುಭೋಗರಾಗಿದ್ದವರು. ಜಮೀನಿನ ಕ್ರಯಪತ್ರವನ್ನು ಯಾರೇ ತಂದು ತೋರಿಸಲಿ, ಅವರು ಹಣದ ಮೊಬಲಗನ್ನು ಮೊದಲು ನೋಡುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಚಕ್ಕುಬಂದಿಯ ಸಾಲನ್ನು ಹುಡುಕುತ್ತಿದ್ದರು. ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾವ ಹಳ್ಳ, ತೆಂಕಲಿಗೇನು, ಬಡಗಲಿಗೇನು—ಇಷ್ಟು ಸರಿಯಾಗಿದ್ದರೆ ಮಾತ್ರ ಮುಂದಿನ ಮಾತು. "ದುಡ್ಡಿನ ತಕರಾರು ಒಂದು ತಲೆಗೆ ತೀರೀತು, ಎಲ್ಲೆಯ ತಕರಾರು ಮೂರು ತಲೆಗೂ ತೀರದು" ಎನ್ನುತ್ತಿದ್ದರು.

ಇಂಥವರ ಮೊಮ್ಮಗನಾದ ನಾನು ೨೦೦೫ರಲ್ಲಿ ನನ್ನದೊಂದು ಪುಸ್ತಕದ ಕರಾರುಪತ್ರಕ್ಕೆ ಓದದೆ ರುಜು ಹಾಕಿದೆ. ಪ್ರಕಾಶಕರ ಹೆಸರು ಇಲ್ಲಿ ಬೇಡ. ಒಂದೇ ಗಂಟಿನಲ್ಲಿ ಸಂಭಾವನೆ. ಅದಕ್ಕೆ ಪ್ರತಿಯಾಗಿ 'ಸಮಸ್ತ ಹಕ್ಕುಗಳು' ಅವರಿಗೆ. ಎಂಟು ವರ್ಷಗಳ ಮೇಲೆ ಆ ಪುಸ್ತಕದ ತೆಲುಗು ಅನುವಾದ ಅಂಗಡಿಯೊಂದರಲ್ಲಿ ನನ್ನ ಕಣ್ಣಿಗೆ ಬಿತ್ತು. ನನಗೆ ಸುದ್ದಿಯೂ ಇಲ್ಲ, ದುಡ್ಡೂ ಇಲ್ಲ. ಕೇಳಹೋದರೆ ಆ ಎರಡು ಪದಗಳ ಮೇಲೆ ಬೆರಳಿಟ್ಟು ತೋರಿಸಿದರು. ಅಂದು ರಾತ್ರಿ ನನಗೆ ಇಬ್ಬರು ನೆನಪಾದರು: ಒಬ್ಬರು ತಾತ, ಇನ್ನೊಬ್ಬನು ಮಿಲ್ಟನ್ ಮಹಾಕವಿ.

ಕಾಲೇಜಿನಲ್ಲಿ 'ಪ್ಯಾರಡೈಸ್ ಲಾಸ್ಟ್' ಓದಿದವರು ಅದು ಐದು ಪೌಂಡಿಗೆ ಮಾರಾಟವಾಯಿತೆಂಬ ಮಾತನ್ನು ಕೇಳಿಯೇ ಇರುತ್ತಾರೆ. ನಮ್ಮ ಅಧ್ಯಾಪಕರೂ ಅದನ್ನು ಹೇಳಿ ನಿಟ್ಟುಸಿರುಬಿಟ್ಟಿದ್ದರು. ಆದರೆ ಆ ಕರಾರು ಇಂದಿಗೂ ಉಳಿದಿದೆ, ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿರುವ ಷರತ್ತುಗಳನ್ನು ನೋಡಿದರೆ ಸಂಗತಿ ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ.

ಅದು ಬರೆಯಲ್ಪಟ್ಟದ್ದು ೧೬೬೭ನೆಯ ಏಪ್ರಿಲ್ ೨೭ರಂದು. ಲಂಡನ್ ನಗರ ಸುಟ್ಟುಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಕವಿಗೆ ೫೮ ವಯಸ್ಸು. ಕಣ್ಣು ಹೋಗಿ ೧೫ ವರ್ಷಗಳಾಗಿದ್ದವು. ಎದುರು ಪಕ್ಷದವನು ಸ್ಯಾಮ್ಯುಯಲ್ ಸಿಮನ್ಸ್ ಎಂಬ ಮುದ್ರಕ. ಕೂಡಲೇ ೫ ಪೌಂಡು. ಮೊದಲ ಮುದ್ರಣದ ೧,೩೦೦ ಪ್ರತಿಗಳು ಖರ್ಚಾದ ಮೇಲೆ ಇನ್ನು ೫. ಎರಡನೆಯ, ಮೂರನೆಯ ಮುದ್ರಣಗಳಿಗೂ ಹಾಗೆಯೇ ಐದೈದು. ಒಂದೊಂದು ಮುದ್ರಣದಲ್ಲಿಯೂ ೧,೫೦೦ಕ್ಕಿಂತ ಹೆಚ್ಚು ಪ್ರತಿಗಳನ್ನು ತೆಗೆಯಕೂಡದು. ಕವಿ ಕೇಳಿದಾಗ ಮುದ್ರಕ ಮಾರಾಟದ ಲೆಕ್ಕ ಒಪ್ಪಿಸಬೇಕು. ಒಪ್ಪಿಸದಿದ್ದರೆ ಇಡೀ ಮುದ್ರಣ ಖರ್ಚಾಯಿತೆಂದೇ ಭಾವಿಸಿ ಆ ೫ ಪೌಂಡನ್ನು ತೆರಬೇಕು. ಇದು ಕಣ್ಣಿಲ್ಲದವನನ್ನು ಯಾಮಾರಿಸಿ ಬರೆಸಿಕೊಂಡ ಕಾಗದವಲ್ಲ. ಲೆಕ್ಕ ಬಲ್ಲವನು ಬರೆಸಿದ ಕಾಗದ. ೧೬೬೯ರಲ್ಲಿ ಎರಡನೆಯ ಕಂತೂ ಅವನಿಗೆ ಸಂದಿತು.

ಹಾಗಾದರೆ ಕೊರತೆ ಎಲ್ಲಿ? ಚಕ್ಕುಬಂದಿಯಲ್ಲಿ. ಪ್ರತಿಗಳ ಸಂಖ್ಯೆಗೆ ಎಲ್ಲೆಯಿತ್ತು, ಕಾಲಕ್ಕೆ ಎಲ್ಲೆಯಿರಲಿಲ್ಲ. ಪುಸ್ತಕ, ಅದರ ಹಸ್ತಪ್ರತಿ, ಅದರಿಂದ ಬರುವ ಸಕಲ ಲಾಭ ಎಲ್ಲವೂ ಸಿಮನ್ಸನಿಗೆ ಸೇರಿದವು. ಮೂರು ಮುದ್ರಣಗಳಾದ ಮೇಲೆ ಕವಿಗೇನು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಸಾಲದೆಂಬಂತೆ, ಅದೇ ಧಾಟಿಯ ಅಥವಾ ಅದೇ ವಿಷಯದ ಬೇರೆ ಪುಸ್ತಕವನ್ನೂ ಸಿಮನ್ಸನ ಒಪ್ಪಿಗೆಯಿಲ್ಲದೆ ಅಚ್ಚು ಹಾಕಿಸಕೂಡದೆಂದು ಮಿಲ್ಟನ್ ಒಪ್ಪಿಕೊಂಡಿದ್ದನು. ೧೬೭೧ರಲ್ಲಿ ಅವನ 'ಪ್ಯಾರಡೈಸ್ ರಿಗೇನ್ಡ್' ಬೇರೊಬ್ಬ ಪುಸ್ತಕ ವ್ಯಾಪಾರಿಯ ಮೂಲಕ ಹೊರಟಿತು. ಕಳೆದುಹೋದ ಸ್ವರ್ಗವೂ ಮರಳಿ ಪಡೆದ ಸ್ವರ್ಗವೂ ಒಂದೇ ವಿಷಯವೇ, ಬೇರೆಬೇರೆಯೇ? ಹೊಲದ ಬದುವಿನ ಹಾಗೆ ಇದನ್ನು ಸರಪಳಿ ಹಿಡಿದು ಅಳೆಯಲಾಗದು.

ಮಿಲ್ಟನ್ ೧೬೭೪ರಲ್ಲಿ ತೀರಿಕೊಂಡನು. ೧೬೮೦ರಲ್ಲಿ ಅವನ ವಿಧವೆ ಎಲಿಜಬೆತ್ ಉಳಿದ ಬಾಕಿಗೆಲ್ಲ ಸೇರಿಸಿ ೮ ಪೌಂಡು ಪಡೆದು ರಸೀತಿ ಕೊಟ್ಟಳು. ಮನೆಗೆ ಬಂದದ್ದು ಒಟ್ಟು ೧೮ ಪೌಂಡು. ಸಿಮನ್ಸ್ ಆ ಹಕ್ಕನ್ನು ೨೫ ಪೌಂಡಿಗೆ ಇನ್ನೊಬ್ಬನಿಗೆ ಮಾರಿದನು. ಅವನಿಂದ ಜೇಕಬ್ ಟಾನ್ಸನ್ ಎಂಬ ಪ್ರಕಾಶಕ ೧೬೮೩ರಲ್ಲಿ ಅರ್ಧ, ೧೬೯೦ರಲ್ಲಿ ಇನ್ನರ್ಧ ಕೊಂಡನು. ಚಿತ್ರಕಾರ ನೆಲ್ಲರ್ ಬರೆದ ಪಟದಲ್ಲಿ ಟಾನ್ಸನ್ ಕೈಯಲ್ಲಿ ಹಿಡಿದಿರುವುದು ಇದೇ ಪುಸ್ತಕವನ್ನು. ಹಿಡಿಯದೆ ಏನು? ಫಲ ಕೊಟ್ಟ ಮರವಲ್ಲವೆ!

೧೭೧೦ರಲ್ಲಿ ರಾಣಿ ಆ್ಯನ್ ಕಾಲದ ಶಾಸನ ಬಂದು ಮೊದಲ ಬಾರಿಗೆ ಕಾಲದ ಎಲ್ಲೆಯನ್ನು ಗುರುತಿಸಿತು. ಹೊಸ ಪುಸ್ತಕಕ್ಕೆ ೧೪ ವರ್ಷ. ಗ್ರಂಥಕರ್ತ ಬದುಕಿದ್ದರೆ ಇನ್ನೂ ೧೪. ಹಳೆಯ ಪುಸ್ತಕಗಳಿಗೆ ೨೧ ವರ್ಷ. ಆ ಪ್ರಕಾರ ಮಿಲ್ಟನ್ನನ ಕಾವ್ಯ ೧೭೩೧ಕ್ಕೆ ಸರ್ವರ ಸೊತ್ತಾಗಬೇಕಾಗಿತ್ತು. ಆದರೆ ೧೭೩೯ರಲ್ಲಿ ಟಾನ್ಸನ್ ಮನೆತನದವರು ೧೬೬೭ರ ಆ ಕರಾರಿನ ಬಲದ ಮೇಲೆಯೇ ನ್ಯಾಯಾಲಯಕ್ಕೆ ಹೋಗಿ, ಬೇರೆಯವರು ಅದನ್ನು ಮುದ್ರಿಸದಂತೆ ತಡೆಯಾಜ್ಞೆ ತಂದರು. ಕವಿ ಸತ್ತು ೬೫ ವರ್ಷಗಳಾಗಿದ್ದವು. ೧೭೭೪ರಲ್ಲಿ, ಎಡಿನ್‌ಬರೋದ ಡೊನಾಲ್ಡ್‌ಸನ್ ಎಂಬ ಪುಸ್ತಕ ವ್ಯಾಪಾರಿಯ ಮೊಕದ್ದಮೆಯಲ್ಲಿ, ಅಚ್ಚಾಗಿ ಹೊರಬಂದ ಗ್ರಂಥಕ್ಕೆ ಶಾಶ್ವತವಾದ ಸ್ವಾಮ್ಯವಿಲ್ಲವೆಂದು ಲಾರ್ಡ್ಸ್ ಸಭೆ ತೀರ್ಪಿತ್ತ ಮೇಲೆ ಈ ಬಾಬು ಮುಗಿಯಿತು.

ಇದೆಲ್ಲ ದೂರದ ಹಳೆಯ ಕಥೆಯೆಂದು ವಾಚಕರು ಭಾವಿಸಬಾರದು. ನಮ್ಮ ದೇಶದಲ್ಲಿಯೇ ೧೯೭೭ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಚಲನಚಿತ್ರ ಸಂಗೀತದ ಪ್ರಶ್ನೆ ಬಂದಿತು. ಹಾಡು ಬರೆದವರೂ ರಾಗ ಹಾಕಿದವರೂ ನಿರ್ಮಾಪಕರಿಂದ ಹಣ ಪಡೆದು ಕೆಲಸ ಮಾಡಿದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಮೊದಲ ಒಡೆತನ ನಿರ್ಮಾಪಕನದೇ ಎಂದು ತೀರ್ಪಾಯಿತು. 'ಬೇರೆ ಕರಾರಿಲ್ಲದ ಪಕ್ಷದಲ್ಲಿ'—ಎಷ್ಟೋ ಕಲಾವಿದರ ಮುಪ್ಪಿನ ಅನ್ನ ಈ ಒಂದು ಮಾತಿನಲ್ಲಿತ್ತು. ಕಾಗದ ಮೌನವಾಗಿದ್ದರೆ ಆ ಮೌನ ಬಲವಂತನ ಪರವಾಗಿಯೇ ಮಾತನಾಡುತ್ತದೆ.

ಆದುದರಿಂದಲೇ ಕಾನೂನು ಮೆಲ್ಲಮೆಲ್ಲಗೆ ಶಾನುಭೋಗಿಕೆಯನ್ನು ವಹಿಸಿಕೊಂಡಿತು. ಕೃತಿಸ್ವಾಮ್ಯವನ್ನು ವಹಿಸಿಕೊಡುವ ಪತ್ರ ಬರಹದಲ್ಲಿರಬೇಕು, ಅದಕ್ಕೆ ರುಜು ಇರಬೇಕು ಎಂದು ೧೯೫೭ರ ಕಾಯಿದೆ ಹೇಳಿತ್ತು. ೧೯೯೪ರ ತಿದ್ದುಪಡಿ ಬಂದ ಮೇಲೆ, ಅನಂತರ ಆದ ಕರಾರುಗಳಲ್ಲಿ ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಸೀಮೆ ಎಂಬುದನ್ನು ಕಾಣಿಸಬೇಕು. ಚಕ್ಕುಬಂದಿಯ ನಾಲ್ಕು ದಿಕ್ಕುಗಳೇ ಇವು! ಸೀಮೆಯನ್ನು ಹೇಳದಿದ್ದರೆ ಭಾರತ ದೇಶವಷ್ಟೇ ಎಂದೂ, ಕಾಲವನ್ನು ಹೇಳದಿದ್ದರೆ ಐದು ವರ್ಷವೆಂದೂ ತಿಳಿಯತಕ್ಕದ್ದು. ೨೦೧೨ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಚಿತ್ರಮಂದಿರದ ಹೊರಗೆ ಚಿತ್ರದ ಹಾಡು ಬಳಕೆಯಾದಾಗ ಕವಿಗೂ ಸಂಗೀತಗಾರನಿಗೂ ಬರಬೇಕಾದ ಸಮಪಾಲನ್ನು ನಿರ್ಮಾಪಕ ಕರಾರಿನಿಂದಲೂ ಕಸಿದುಕೊಳ್ಳಲಾಗದಂತೆ ಮಾಡಿತು.

ಇಷ್ಟನ್ನು ಓದಿಕೊಂಡ ಮೇಲೆ ನನ್ನ ಹಳೆಯ ಕರಾರುಪತ್ರವನ್ನು ಪೆಟ್ಟಿಗೆಯ ತಳದಿಂದ ಹುಡುಕಿ ತೆಗೆದೆ. ಈ ಸಲ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. 'ಸಮಸ್ತ ಹಕ್ಕುಗಳು' ಎಂದಿತ್ತು, ನಿಜ. ಎಷ್ಟು ವರ್ಷಕ್ಕೆ ಎಂಬುದು ಎಲ್ಲಿಯೂ ಇರಲಿಲ್ಲ. ತೆಲುಗು ಅನುವಾದ ಹೊರಟದ್ದು ಎಂಟನೆಯ ವರ್ಷ. ಮರುದಿನ ಪ್ರಕಾಶಕರಿಗೆ ಒಂದು ಸಭ್ಯವಾದ ಪತ್ರ ಬರೆದೆ. ಮೂರು ತಿಂಗಳಾದ ಮೇಲೆ ಒಂದು ಸಣ್ಣ ಚೆಕ್ಕು ಬಂತು, ಅದರ ಜೊತೆಗೆ ಮುಂದಿನ ಮುದ್ರಣಕ್ಕಾಗಿ ಹೊಸ ಕರಾರಿನ ಕರಡು.

ಮೊಬಲಗನ್ನು ನಾನಿನ್ನೂ ನೋಡಿಲ್ಲ. ಮೊದಲು ಚಕ್ಕುಬಂದಿಯನ್ನು ಓದುತ್ತಿದ್ದೇನೆ.