ಕುಣಿಗಲ್ ಕುದುರೆ, ಸೋಮ್ಯೂರ್ ದ್ರಾಕ್ಷಿ

ಬ್ಲಾಗ್ ಕಡೆ ತಲೆ ಹಾಕದೆ ತುಂಬ ದಿನವಾಯ್ತು. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್. ಇವತ್ತು ಬರೀತಿರೋದು ಫ್ರಾನ್ಸಿನ ವೈನ್ ಬಗ್ಗೆ. ಹೆದರಬೇಡಿ, ನಾನೇನೂ ಕುಡುಕನಾಗಿಲ್ಲ :)

ನಮ್ಮದು ಅಮೃತೂರು, ಕುಣಿಗಲ್ ತಾಲ್ಲೂಕು. ಚಿಕ್ಕವನಿದ್ದಾಗ ಅಜ್ಜನ ಜೊತೆ ಬೆಂಗಳೂರಿಗೆ ಹೊರಟರೆ ಕುಣಿಗಲ್ ಬರೋದನ್ನೇ ಕಾಯ್ತಾ ಬಸ್ಸಿನ ಕಿಟಕಿಗೆ ಅಂಟಿಕೊಂಡಿರುತ್ತಿದ್ದೆ, ಕುದುರೆ ಫಾರಂ ನೋಡೋಕೆ. "ಟಿಪ್ಪು ಮಾಡ್ಸಿದ್ದು ಕಣೋ ಇದು, ಈಗ ಬ್ರಾಂದಿ ಸಾಹುಕಾರ್ರು ನೋಡ್ಕೊಂತಾರೆ" ಅನ್ನೋರು ಅಜ್ಜ. ಪ್ರತಿಸಲವೂ ಇದೇ ಮಾತು, ಒಂದಕ್ಷರ ಆಚೀಚೆ ಇಲ್ಲ.

ಅಜ್ಜನ ಮಾತು ನಿಜವೇ. ಟಿಪ್ಪು ತನ್ನ ಅಶ್ವದಳಕ್ಕೆ ಅಂತ ಶುರು ಮಾಡಿದ ಫಾರಂ ಅದು. 400 ಎಕರೆಗೂ ಮಿಕ್ಕಿದ ಜಾಗ. 1799ರ ನಂತರ ಬ್ರಿಟಿಷರ ಕೈಗೆ ಹೋಯಿತು, ಮುಂದೆ ರೇಸ್ ಕುದುರೆಗಳು ಬಂದವು. 1992ರಲ್ಲಿ ಸರ್ಕಾರ ಇದನ್ನು ವಿಜಯ್ ಮಲ್ಯರ ಯುಬಿ ಗುಂಪಿನ ಕಂಪನಿಗೆ 30 ವರ್ಷದ ಗುತ್ತಿಗೆಗೆ ಕೊಟ್ಟಿತು.

ಇದಕ್ಕೂ ವೈನ್‌ಗೂ ಏನು ಸಂಬಂಧ ಅಂತೀರಾ? ಅದು ಗೊತ್ತಾಗಿದ್ದು ಆನ್‌ಸೈಟ್ ಹೋದಾಗ. ಒಂದು ಶನಿವಾರ ಮಾಡೋಕೆ ಕೆಲಸವಿಲ್ಲದೆ ಲ್ವಾರ್ ನದಿ ದಂಡೆಯ ಸೋಮ್ಯೂರ್‌ಗೆ ರೈಲು ಹತ್ತಿದೆ. ಅಲ್ಲಿ ಬುವೆ-ಲಾದ್ಯುಬೆ ಅಂತ ಒಂದು ಹಳೇ ವೈನ್ ಮನೆ. ನಾನು ಇಂಡಿಯಾದವನು ಅಂದ ಕೂಡಲೇ ಗೈಡ್ ಹುಡುಗಿ ನಕ್ಕು, "ನಿಮ್ಮ ದೇಶದವರೊಬ್ಬರು ಇದರ ಮಾಲೀಕರಾಗಿದ್ದರು" ಅಂದಳು. ಯಾರು ಅಂತ ಕೇಳಿದರೆ... ಅದೇ ನಮ್ಮ ಕುದುರೆ ಫಾರಂ ಸಾಹುಕಾರ್ರು!

ಎತಿಯೆನ್ ಬುವೆ ಇದನ್ನು ಶುರು ಮಾಡಿದ್ದು 1851ರಲ್ಲಿ. ಲಾದ್ಯುಬೆ ಅನ್ನೋದು ಅವನ ಹೆಂಡತಿ ಸೆಲೆಸ್ತಿನ್‌ಳ ತವರಿನ ಹೆಸರು. (ಆ ಕಾಲದಲ್ಲೇ ಹೆಂಡತಿ ಕಡೆ ಹೆಸರನ್ನು ಬೋರ್ಡಿನಲ್ಲಿ ಹಾಕಿದ್ದಾನೆ, ಮೆಚ್ಚಬೇಕು.) ಆ ಊರಿನ ನೆಲದಡಿ ಮೆತ್ತನೆ ಸುಣ್ಣಕಲ್ಲು. ಅರಮನೆ, ಚರ್ಚು ಕಟ್ಟೋಕೆ ಅಂತ ನೂರಾರು ವರ್ಷ ಕಲ್ಲು ತೆಗೆದು ತೆಗೆದು ಭೂಮಿಯೊಳಗೆ ಮೈಲಿಗಟ್ಟಲೆ ಸುರಂಗಗಳಾಗಿಬಿಟ್ಟಿವೆ. ಬೇಸಿಗೆಯಲ್ಲೂ ತಂಪು, ಚಳಿಗಾಲದಲ್ಲೂ ಅಷ್ಟೇ ತಂಪು. ಬಾಟಲಿ ಮಲಗಿಸೋಕೆ ಅದಕ್ಕಿಂತ ಒಳ್ಳೇ ಜಾಗ ಬೇಕೇ? ಕಲ್ಲುಕ್ವಾರಿ ಗುಂಡಿ ಬಿಟ್ಟು ಹೋಗೋದೊಂದೇ ನೋಡಿದ್ದ ನನಗೆ ಇದು ಹೊಸತು. ಬುವೆ ಅಲ್ಲೇ ಒಂದು ನಾಟಕದ ಥಿಯೇಟರನ್ನೂ ಕಟ್ಟಿಸಿದ್ದ. ನನಗೆ ತಟ್ಟನೆ ಗುಬ್ಬಿ ಕಂಪನಿ ನೆನಪಾಯಿತು.

ಈ ಮನೆ ಹೆಸರು ಮಾಡಿರೋದು ಹೆಚ್ಚಾಗಿ ನೊರೆ ಬರೋ ವೈನಿಗೆ. ಆದರೆ ನನಗೆ ಹಿಡಿಸಿದ್ದು ಕೆಂಪು. ಕಾಬೆರ್ನೆ ಫ್ರಾಂಕ್ ಅನ್ನೋ ಕಪ್ಪು ದ್ರಾಕ್ಷಿಯದು. ಮಜಾ ಏನಂದರೆ, ದ್ರಾಕ್ಷಿ ಕಪ್ಪಾದರೂ ರಸಕ್ಕೆ ಹೆಚ್ಚುಕಮ್ಮಿ ಬಣ್ಣವೇ ಇಲ್ಲ. ಕೆಂಪೆಲ್ಲ ಸಿಪ್ಪೆಯದು. ಸಿಪ್ಪೆ ಸಮೇತ ಹುಳಿಯೋಕೆ ಬಿಟ್ಟರೆ ಕೆಂಪು ವೈನ್, ಬೇಗ ಹಿಂಡಿ ಸಿಪ್ಪೆ ತೆಗೆದರೆ ಅದೇ ಹಣ್ಣಿನಿಂದ ಬಿಳಿ ವೈನೂ ಆಗುತ್ತೆ. ಕೆಂಪಗಿದ್ದೂ ನೊರೆ ಬರುವ 'ರ‍್ಯೂಬಿ' ಅಂತ ಒಂದನ್ನು ಮಾಡುತ್ತಾರೆ. ಆ ಸೀಮೆಯ ಮುಖ್ಯ ಕೆಂಪು ವೈನ್ ಅಂದರೆ ಸೋಮ್ಯೂರ್-ಶಾಂಪಿನಿ. 1957ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಅಲ್ಲಿನ ಗೊತ್ತಾದ ಊರುಗಳಲ್ಲಿ ಬೆಳೆದ ದ್ರಾಕ್ಷಿಯಲ್ಲದೆ ಬೇರೆಯದಕ್ಕೆ ಆ ಹೆಸರು ಹಾಕೋ ಹಾಗಿಲ್ಲ. ನಮ್ಮೂರ ತೆಂಗಿನಕಾಯಿ ಲಾರಿ ಹತ್ತಿದ ಮೇಲೆ ಅಮೃತೂರಿನ ಹೆಸರು ಯಾರಿಗೆ ಗೊತ್ತು ಹೇಳಿ.

ಇನ್ನೊಂದು ವಿಚಿತ್ರ. ಸೋಮ್ಯೂರ್ ಕೂಡ ಕುದುರೆ ಊರೇ! 1763ರಲ್ಲಿ, 15ನೇ ಲೂಯಿ ಕಾಲದಲ್ಲಿ, ಅಲ್ಲಿ ಅಶ್ವದಳದ ತರಬೇತಿ ಶುರುವಾಯಿತು. ಈಗಲೂ ಫ್ರಾನ್ಸಿನ ಹೆಸರಾಂತ ಕುದುರೆ ಸವಾರಿ ಶಾಲೆ ಇರೋದು ಸೇಂತ್ ಇಲೇರ್ ಸೇಂತ್ ಫ್ಲೋರಾಂನಲ್ಲಿ, ಅಂದರೆ ಬುವೆ ನೆಲಮಾಳಿಗೆಗಳಿರುವ ಜಾಗದಲ್ಲೇ. ಆ ಲೂಯಿಯ ಮೊಮ್ಮಗ 16ನೇ ಲೂಯಿಯ ದರ್ಬಾರಿಗೇ ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಹೋಗಿದ್ದು.

ಕೈ ಬದಲಾದ ಕಥೆ ಬೇಗ ಹೇಳಿಬಿಡ್ತೀನಿ. 1930ರ ದಶಕದಲ್ಲಿ ಮೊಂಮುಸೋ ಕುಟುಂಬ ಕೊಂಡಿತು. 1974ರಲ್ಲಿ ಶಾಂಪೇನಿನ ತೆತ್ತಾಂಜೆ ಕಂಪನಿಗೆ ಹೋಯಿತು. 2006ರಲ್ಲಿ ಮಲ್ಯ ಸುಮಾರು 1.5 ಕೋಟಿ ಯೂರೋ ಕೊಟ್ಟು ಕೊಂಡರು. ಮಾಲೀಕರು ಬದಲಾದರೂ ನಡೆಸುತ್ತಿದ್ದವರು ಪಾತ್ರಿಸ್ ಮೊಂಮುಸೋ. ಮುಂದೆ ಮಲ್ಯರ ಯುನೈಟೆಡ್ ಸ್ಪಿರಿಟ್ಸ್ ಡಿಯಾಜಿಯೋ ಪಾಲಾಯಿತು. 2015ರಲ್ಲಿ ಮೊಂಮುಸೋ ಕುಟುಂಬ ತಮ್ಮ ಹಳೇ ಮನೆಯನ್ನು ವಾಪಸ್ ಕೊಂಡಿತು. ಮರುವರ್ಷ ಮಲ್ಯ ದೇಶ ಬಿಟ್ಟರು.

ಕುಣಿಗಲ್ ಗುತ್ತಿಗೆಯ 30 ವರ್ಷ 2022ಕ್ಕೆ ಮುಗಿಯಿತು. 2024ರಲ್ಲಿ ಅಲ್ಲಿ ಟೌನ್‌ಶಿಪ್ ಮಾಡುವ ಪ್ರಸ್ತಾಪ ಎದ್ದಿತು, ಬೇಡ ಅಂತ ವಿರೋಧವೂ ಬಂತು. ಪೇಪರ್ ನೋಡಿ ಅಜ್ಜ ಫೋನ್ ಮಾಡಿದ್ದರು. "ಅಲ್ಲ ಕಣೋ, ಆ ಫ್ರಾನ್ಸಿನವ್ರು ಅವ್ರ ಮನೇನ ಎಷ್ಟು ಕೊಟ್ಟು ಬಿಡಿಸ್ಕೊಂಡ್ರಂತೆ?"

ನಾನು ತಂದಿದ್ದ ಕೆಂಪು ಬಾಟಲಿ ಅಮೃತೂರಿನ ಮನೆ ಅಟ್ಟದ ಮೇಲೆ ಹಾಗೇ ಇದೆ. ಅಜ್ಜ ಅದರ ಮುಚ್ಚಳ ಸಹ ತೆಗೆಯೋಕೆ ಬಿಟ್ಟಿಲ್ಲ.