ಸೆಪ್ಸಿಸ್ ಮತ್ತು ಬೆಳಗಾವಿ ಜಿಲ್ಲೆ

ಸೆಪ್ಸಿಸ್: ಸೋಂಕನ್ನು ಎದುರಿಸುವ ಭರದಲ್ಲಿ ದೇಹದ ಪ್ರತಿಕ್ರಿಯೆ ಹದ ತಪ್ಪಿ, ಅಂಗಾಂಗಗಳಿಗೇ ಹಾನಿಯಾಗುವ ಮಾರಣಾಂತಿಕ ಸ್ಥಿತಿ. ಆಡುಮಾತಿನಲ್ಲಿ ಇದನ್ನು ನಂಜೇರುವುದು ಎನ್ನುತ್ತಾರೆ. ನ್ಯುಮೋನಿಯಾ, ಮೂತ್ರದ ಸೋಂಕು, ಕೀವು ತುಂಬಿದ ಗಾಯ, ಹೆರಿಗೆಯ ನಂತರದ ಗರ್ಭಕೋಶದ ಸೋಂಕು ಇವುಗಳಲ್ಲಿ ಯಾವುದರಿಂದಲೂ ಇದು ಬರಬಹುದು. ಏದುಸಿರು, ಮಂಪರು ಅಥವಾ ಗೊಂದಲ, ರಕ್ತದೊತ್ತಡದ ಕುಸಿತ, ಮೂತ್ರ ಕಡಿಮೆಯಾಗುವುದು ಮುಖ್ಯ ಲಕ್ಷಣಗಳು. ಜ್ವರ ಇರಲೇಬೇಕೆಂದಿಲ್ಲ, ಕೆಲವರ ಮೈ ತಣ್ಣಗಾಗುವುದೂ ಉಂಟು.

ಜಾಗತಿಕ ಆದ್ಯತೆ: 2017ರಲ್ಲಿ ಜಗತ್ತಿನಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ತಗುಲಿ, 1.1 ಕೋಟಿ ಜನ ಸತ್ತರೆಂದು 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಇದು ಆ ವರ್ಷದ ಒಟ್ಟು ಸಾವುಗಳ ಐದನೆಯ ಒಂದು ಭಾಗ. ರೋಗಿಗಳಲ್ಲಿ ಸುಮಾರು 2 ಕೋಟಿ ಐದು ವರ್ಷದೊಳಗಿನ ಮಕ್ಕಳು. ವಿಶ್ವ ಆರೋಗ್ಯ ಸಭೆ 2017ರ ಮೇ ತಿಂಗಳಲ್ಲಿ ಅಂಗೀಕರಿಸಿದ ನಿರ್ಣಯವು ಸೆಪ್ಸಿಸ್‌ನ ತಡೆ, ಪತ್ತೆ ಮತ್ತು ಚಿಕಿತ್ಸೆಯನ್ನು ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಗಳಲ್ಲಿ ಸೇರಿಸುವಂತೆ ಸದಸ್ಯ ರಾಷ್ಟ್ರಗಳನ್ನು ಕೋರಿತು. 2012ರಿಂದ ಸೆಪ್ಟೆಂಬರ್ 13ನ್ನು ವಿಶ್ವ ಸೆಪ್ಸಿಸ್ ದಿನವಾಗಿ ಆಚರಿಸಲಾಗುತ್ತಿದೆ.

ಬೆಳಗಾವಿಯ ಸಂಶೋಧನೆ: ಬಾಣಂತಿಯರ ಸೆಪ್ಸಿಸ್ ತಡೆಯುವ ‘ಎ-ಪ್ಲಸ್’ ಪ್ರಯೋಗ ಏಳು ದೇಶಗಳಲ್ಲಿ ನಡೆಯಿತು. ಭಾರತದ ಎರಡು ಕೇಂದ್ರಗಳಲ್ಲಿ ಒಂದು ನಾಗಪುರ. ಇನ್ನೊಂದು ಬೆಳಗಾವಿ, ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಇದನ್ನು ನಿರ್ವಹಿಸಿತು. ಸಹಜ ಹೆರಿಗೆಗೆ ಸಿದ್ಧರಾಗಿದ್ದ 29,278 ಗರ್ಭಿಣಿಯರಿಗೆ ಹೆರಿಗೆ ನೋವಿನ ವೇಳೆ 2 ಗ್ರಾಂ ಅಜಿತ್ರೊಮೈಸಿನ್ ಅಥವಾ ಔಷಧವಿಲ್ಲದ ಹುಸಿಗುಳಿಗೆಯನ್ನು ಒಮ್ಮೆ ಕೊಡಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಾಯಿಯ ಸೆಪ್ಸಿಸ್ ಅಥವಾ ಸಾವಿನ ಪ್ರಮಾಣ ಔಷಧ ಪಡೆದವರಲ್ಲಿ ಶೇ. 1.6, ಪಡೆಯದವರಲ್ಲಿ ಶೇ. 2.4. ಈ ಅಂತರಕ್ಕೆ ಮುಖ್ಯ ಕಾರಣ ಸೆಪ್ಸಿಸ್ ಇಳಿದದ್ದು. ನವಜಾತ ಶಿಶುಗಳಿಗೆ ಮಾತ್ರ ಇಂಥ ಲಾಭ ಕಾಣಲಿಲ್ಲ. ಆ್ಯಂಟಿಬಯೋಟಿಕ್‌ಗಳ ಬಳಕೆ ಹೆಚ್ಚಿದಂತೆ ರೋಗಾಣುಗಳು ಅವುಗಳಿಗೆ ಜಗ್ಗದಂತಾಗುವ ಅಪಾಯವೂ ಇರುವುದರಿಂದ ಈ ಕ್ರಮಕ್ಕೆ ನಿಗಾ ಅಗತ್ಯ.

ತಾಲ್ಲೂಕುಗಳಲ್ಲಿ ಆರೈಕೆ: ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಜಿಲ್ಲೆಯ ಕೃಷಿಪ್ರಧಾನ ತಾಲ್ಲೂಕುಗಳು. ಹೊಲದಲ್ಲಿ ಆದ ಗಾಯ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಇಂಥ ಊರುಗಳಲ್ಲಿ ಕಡೆಗಣಿಸಬಾರದ ಮೂಲಗಳು. ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರದ 42 ದಿನಗಳಲ್ಲಿ ಹಲವು ಬಾರಿ ಮನೆಗೆ ಬಂದು ಬಾಣಂತಿ ಮತ್ತು ಕೂಸನ್ನು ನೋಡುತ್ತಾರೆ. ಕೂಸು ಮೊಲೆ ಹಿಡಿಯದಿರುವುದು, ಮೈ ತಣ್ಣಗಿರುವುದು ಅಥವಾ ಸುಡುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುವುದು, ಎದೆಗೂಡು ಒಳಸೆಳೆಯುವುದು ಅಪಾಯದ ಗುರುತು. ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯಂತೆ ಎಎನ್‌ಎಂ (ಸಹಾಯಕ ದಾದಿ-ಸೂಲಗಿತ್ತಿ) ಇಂಥ ಕೂಸಿಗೆ ಮೊದಲ ಡೋಸ್ ಜೆಂಟಾಮೈಸಿನ್ ಚುಚ್ಚುಮದ್ದು ಮತ್ತು ಅಮಾಕ್ಸಿಸಿಲಿನ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಬಾಣಂತಿ ಮತ್ತು ಶಿಶುವಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಹಾಗೂ ಸಾಗಣೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ತುರ್ತಿಗೆ 108 ಆಂಬುಲೆನ್ಸ್ ಸೇವೆಯಿದೆ.

ಚಿಕಿತ್ಸೆ ಮತ್ತು ತಡೆ: ರಕ್ತದೊತ್ತಡ ಕುಸಿದ ಸೆಪ್ಸಿಸ್ ಆಘಾತದಲ್ಲಿ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಆರಂಭಿಸಬೇಕೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಜೊತೆಗೆ ಸಲೈನ್, ಆಮ್ಲಜನಕ, ಕೀವು ತೆಗೆಯುವುದು ಬೇಕಾಗಬಹುದು. ಲಸಿಕೆ, ಕೈತೊಳೆತ, ಸ್ವಚ್ಛ ಹೆರಿಗೆ, ಹೊಕ್ಕುಳಬಳ್ಳಿಯ ಶುಚಿ ಸೋಂಕನ್ನೇ ತಡೆಯುತ್ತವೆ. ಸೆಪ್ಸಿಸ್‌ನಿಂದ ಸತ್ತವರ ದಾಖಲೆಯಲ್ಲಿ ಅನೇಕ ಸಲ ಮೂಲ ಕಾಯಿಲೆಯ ಹೆಸರಷ್ಟೇ ಉಳಿಯುತ್ತದೆ. ಸಾವಿನ ಕಾರಣವನ್ನು ಸರಿಯಾಗಿ ಬರೆಯದೆ ಈ ರೋಗದ ನಿಜವಾದ ಹೊರೆ ತಾಲ್ಲೂಕು ಮಟ್ಟದಲ್ಲಿ ತಿಳಿಯುವುದಿಲ್ಲ.