ಮೇಜಿನ ಮೇಲೆ ಉಳಿದ ಕೀಮೋ ಮದ್ದು

ದಿಬ್ಬೂರಹಳ್ಳಿ ಕಡೆಯ ಬಡ ಕುಟುಂಬವೊಂದರಲ್ಲಿ ಕ್ಯಾನ್ಸರ್ ಎಂದು ಗೊತ್ತಾದರೆ ಶಿಡ್ಲಘಟ್ಟಕ್ಕೆ ಬಂದು, ಅಲ್ಲಿಂದ ಬೆಂಗಳೂರಿನ ಬಸ್ಸು ಹಿಡಿದು, ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯ ಮುಂದೆ ಸರದಿ ನಿಲ್ಲುವುದು ವಾಡಿಕೆ. 1973ರಲ್ಲಿ ಆರಂಭವಾದ ಆ ಸಂಸ್ಥೆ ರಾಜ್ಯದ ಬಡ ರೋಗಿಗಳ ದೊಡ್ಡ ಆಸರೆ. ಪ್ರತಿ ಸುತ್ತಿನ ಕೀಮೋಗೂ ಇಷ್ಟು ದೂರ ಓಡಾಡುವ ಕಷ್ಟ ತಪ್ಪಿಸಲು ಈಗ ಚಿಕಿತ್ಸೆಯನ್ನೇ ಜಿಲ್ಲೆಗಳಿಗೆ ಒಯ್ಯುವ ಕೆಲಸ ನಡೆದಿದೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳಿಗೆ ಚಾಲನೆ ನೀಡಿತು. ಮೂರು ವರ್ಷಗಳಲ್ಲಿ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೂ ಇಂಥ ಕೇಂದ್ರ ಕೊಡುವುದಾಗಿ ಅದೇ ವರ್ಷದ ಕೇಂದ್ರ ಬಜೆಟ್ ಹೇಳಿತು.

ರೋಗಿಗಳಿಗೆ ಇದು ನಿಜಕ್ಕೂ ದೊಡ್ಡ ನೆಮ್ಮದಿ. ಆದರೆ ಚಿಕಿತ್ಸೆಯ ಜೊತೆಗೆ ಕೀಮೋ ಮದ್ದೂ ಹೊಸ ಹೊಸ ಕೈಗಳಿಗೆ ಬರುತ್ತದೆ. ಅದನ್ನು ಕಲಸುವ ಫಾರ್ಮಸಿಸ್ಟ್, ಡ್ರಿಪ್ ಹಾಕುವ ನರ್ಸ್, ನೆಲ ಒರೆಸುವ ಆಯಾ, ರೋಗಿಯ ಬಟ್ಟೆ ಒಗೆಯುವ ಮನೆಯವರು ಎಲ್ಲರೂ ಅದರ ಸಂಪರ್ಕಕ್ಕೆ ಬರುತ್ತಾರೆ. ಇವರನ್ನು ಕಾಯುವ ವಿದ್ಯೆ ಬೆಳೆದು ಬಂದ ಬಗೆಯನ್ನು ಈ ಹೊತ್ತಿನಲ್ಲಿ ತಿಳಿಯಬೇಕು.

ಕೀಮೋ ಮದ್ದುಗಳ ಮೂಲ ಯುದ್ಧದ ವಿಷಾನಿಲದಲ್ಲಿದೆ. ಮಸ್ಟರ್ಡ್ ಅನಿಲದ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡನ್ನು ಲೂಯಿಸ್ ಗುಡ್‌ಮನ್ ಮತ್ತು ಆಲ್ಫ್ರೆಡ್ ಗಿಲ್ಮನ್ ಅವರ ಸಂಶೋಧನೆಯ ಆಧಾರದ ಮೇಲೆ 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಕೊಡಲಾಯಿತು. ಅದೇ ವಂಶದ ಸೈಕ್ಲೋಫಾಸ್ಫಮೈಡ್ 1959ರಿಂದ ಬಳಕೆಯಲ್ಲಿದೆ. ಇವು ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಟ್ಟು ಗಡ್ಡೆಯನ್ನು ಕುಗ್ಗಿಸುತ್ತವೆ. ಆರೋಗ್ಯವಂತರ ಮೈಗೆ ಸೇರಿದರೂ ಅವು ಮಾಡುವುದು ಅದೇ ಕೆಲಸ. ರೋಗಿಗೆ ಲಾಭ ಹೆಚ್ಚು, ಹಾಗಾಗಿ ಅಪಾಯವನ್ನು ಒಪ್ಪಿಕೊಳ್ಳಬಹುದು. ನರ್ಸ್‌ಗೆ ಅಪಾಯ ಮಾತ್ರ ಪಾಲಿಗೆ ಬರುತ್ತದೆ.

ಈ ಅಪಾಯ ಮೊದಲು ಬೆಳಕಿಗೆ ಬಂದದ್ದು ಫಿನ್‌ಲೆಂಡ್‌ನಲ್ಲಿ. 1979ರಲ್ಲಿ ಕಾಯ್ ಫಾಲ್ಕ್ ಮತ್ತು ಸಂಗಡಿಗರು ಈ ಮದ್ದುಗಳನ್ನು ಮುಟ್ಟುವ ನರ್ಸ್‌ಗಳ ಮೂತ್ರವನ್ನು ಪರೀಕ್ಷಿಸಿದರು. ಅದರಲ್ಲಿ ಬ್ಯಾಕ್ಟೀರಿಯಾಗಳ ವಂಶವಾಹಿಯನ್ನೇ ಬದಲಿಸುವ ಗುಣ ಕಂಡಿತು. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಆ ವರದಿ ಆಸ್ಪತ್ರೆಗಳ ನಿದ್ದೆ ಕೆಡಿಸಿತು. 1985ರಲ್ಲಿ ಅದೇ ದೇಶದ ನರ್ಸ್‌ಗಳ ಮೇಲೆ ನಡೆದ ಇನ್ನೊಂದು ಅಧ್ಯಯನ, ಗರ್ಭದ ಮೊದಲ ಮೂರು ತಿಂಗಳಲ್ಲಿ ಈ ಮದ್ದುಗಳ ಸಂಪರ್ಕಕ್ಕೂ ಗರ್ಭಪಾತಕ್ಕೂ ನಂಟಿದೆ ಎಂದು ತೋರಿಸಿತು. ನಮ್ಮ ನೆರೆಯ ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳೂ 2007ರಲ್ಲಿ ಕ್ಯಾನ್ಸರ್ ವಾರ್ಡಿನ ನರ್ಸ್‌ಗಳ ರಕ್ತಕಣಗಳಲ್ಲಿ ಡಿಎನ್‌ಎ ಹಾನಿ ಹೆಚ್ಚಿರುವುದನ್ನು ದಾಖಲಿಸಿದರು.

ಹಾಗಾದರೆ ಮದ್ದು ಮೈಗೆ ಸೇರುವುದು ಎಲ್ಲಿಂದ? ಮೊದಲು ಎಲ್ಲರೂ ಗಾಳಿಯನ್ನು ಅನುಮಾನಿಸಿದರು. ಮದ್ದು ಕಲಸುವ ಪೆಟ್ಟಿಗೆಗಳಲ್ಲಿ ಗಾಳಿ ಕೆಲಸಗಾರರ ಮುಖದ ಕಡೆಗೇ ಬೀಸುತ್ತಿತ್ತು. ಅದನ್ನು ಮೇಲಿನಿಂದ ಕೆಳಕ್ಕೆ ಹರಿಯುವಂತೆ ತಿರುಗಿಸಿದರು. 1990ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಪಾಲ್ ಸೆಸಿಂಕ್ ಮೇಜು, ನೆಲ, ಗ್ಲೌಸುಗಳನ್ನು ಒರೆಸಿ ನೋಡಿದಾಗ ಚಿತ್ರ ಬದಲಾಯಿತು. ಮದ್ದನ್ನು ನೇರವಾಗಿ ಮುಟ್ಟದವರ ಮೂತ್ರದಲ್ಲೂ ಅದು ಸಿಕ್ಕಿತು. 1999ರಲ್ಲಿ ಥಾಮಸ್ ಕಾನರ್ ತಂಡ ಅಮೆರಿಕ ಮತ್ತು ಕೆನಡಾದ ಆರು ಕ್ಯಾನ್ಸರ್ ಕೇಂದ್ರಗಳನ್ನು ಪರೀಕ್ಷಿಸಿತು. ಫಾರ್ಮಸಿಯ ಮಾದರಿಗಳಲ್ಲಿ ಶೇ 75ರಲ್ಲಿ, ಮದ್ದು ಕೊಡುವ ಕೋಣೆಗಳ ಮಾದರಿಗಳಲ್ಲಿ ಶೇ 65ರಲ್ಲಿ ಅಳೆಯುವಷ್ಟು ಮದ್ದು ಇತ್ತು. ಕಂಪನಿಯಿಂದ ಬಂದ ಸೀಸೆಗಳ ಹೊರಮೈಗೂ ಮದ್ದು ಅಂಟಿರುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಖಚಿತವಾಯಿತು. ಚರ್ಮವೇ ಮುಖ್ಯ ದಾರಿ ಎಂಬ ತಿಳಿವಳಿಕೆ ಹೀಗೆ ಗಟ್ಟಿಯಾಯಿತು.

ಇಲ್ಲಿ ಅಳೆಯುವುದು ನ್ಯಾನೊಗ್ರಾಮ್ ಲೆಕ್ಕದಲ್ಲಿ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಯೂರೋಪಿನ ಹಲವರು ಚದರ ಸೆಂಟಿಮೀಟರಿಗೆ 0.1 ನ್ಯಾನೊಗ್ರಾಮನ್ನು ಮಾರ್ಗದರ್ಶಿ ಮಟ್ಟವಾಗಿ ಇಟ್ಟುಕೊಂಡಿದ್ದಾರೆ. ಇಷ್ಟು ಸೂಕ್ಷ್ಮವಾಗಿ ಅಳೆಯಲು ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಒರೆಸಿದ ಬಟ್ಟೆಯನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿ ಫಲಿತಾಂಶಕ್ಕೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಉತ್ತರ ಬರುವ ಹೊತ್ತಿಗೆ ಆ ಮೇಜಿನ ಮೇಲೆ ಎಷ್ಟೋ ಕೈಗಳು ಆಡಿ ಹೋಗಿರುತ್ತವೆ.

ಸ್ಥಳದಲ್ಲೇ ಉತ್ತರ ಬೇಕೆಂಬ ಹುಡುಕಾಟಕ್ಕೆ ಕಾರಣ ಇದೇ. ತೀರಾ ಸರಳವಾದ ಉಪಾಯ ತರಬೇತಿಯದು: ಮದ್ದಿನ ಬದಲು ಹೊಳೆಯುವ ಫ್ಲೋರೆಸೀನ್ ಬಣ್ಣವನ್ನು ಕಲಸಿಸಿ, ಆಮೇಲೆ ನೇರಳಾತೀತ ದೀಪ ಹಿಡಿದು ಎಲ್ಲೆಲ್ಲಿ ಚೆಲ್ಲಿದೆ ಎಂದು ತೋರಿಸುವುದು. ಇದು ಕೈಯ ತಪ್ಪನ್ನು ತೋರಿಸುತ್ತದೆ, ನಿಜವಾದ ಮದ್ದನ್ನು ಹಿಡಿಯುವುದಿಲ್ಲ. ಅದನ್ನು ಹಿಡಿಯುವ ಸಾಧನಕ್ಕೆ ಗರ್ಭಪರೀಕ್ಷೆಯ ಪಟ್ಟಿಯ ತಂತ್ರವೇ ಒದಗಿತು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಿಯೋಷ್ 2004ರಲ್ಲಿ ಈ ಮದ್ದುಗಳ ಬಗ್ಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತ್ತು. ಅದರ ವಿಜ್ಞಾನಿಗಳು 5-ಫ್ಲೋರೊಯುರಾಸಿಲ್‌ನಂಥ ಮದ್ದುಗಳಿಗೆ ಪಟ್ಟಿ ರೂಪಿಸುವಲ್ಲಿ ಕೆಲಸ ಮಾಡಿದರು. ಕಳೆದ ದಶಕದ ಕೊನೆಯ ಹೊತ್ತಿಗೆ ಬೆಕ್ಟನ್ ಡಿಕಿನ್‌ಸನ್ ಕಂಪನಿಯ ‘ಎಚ್‌ಡಿ ಚೆಕ್’ ಮಾರುಕಟ್ಟೆಗೆ ಬಂತು. ಮೊದಲು ಮೆಥೊಟ್ರೆಕ್ಸೇಟ್ ಮತ್ತು ಡಾಕ್ಸೊರುಬಿಸಿನ್, ಆಮೇಲೆ ಸೈಕ್ಲೋಫಾಸ್ಫಮೈಡ್ ಕೂಡ ಅದರ ವ್ಯಾಪ್ತಿಗೆ ಸೇರಿದವು.

ಅದರ ಬಳಕೆ ಸುಲಭ. ದ್ರಾವಣದಲ್ಲಿ ನೆನೆಸಿದ ಒರೆಸುಕಡ್ಡಿಯಿಂದ ಅಳತೆಯ ಜಾಗವನ್ನು ಒರೆಸಿ, ಆ ದ್ರಾವಣದ ಹನಿಗಳನ್ನು ಪಟ್ಟಿಯ ಮೇಲೆ ಬಿಟ್ಟರೆ ಸುಮಾರು ಹತ್ತು ನಿಮಿಷದಲ್ಲಿ ಪಟ್ಟಿ ಓದುವ ಯಂತ್ರ ಮದ್ದು ಇದೆಯೋ ಇಲ್ಲವೋ ಹೇಳುತ್ತದೆ. ಮದ್ದಿನ ಅಣುಗಳು ತೀರಾ ಚಿಕ್ಕವಾದ್ದರಿಂದ ಇಂಥ ಪಟ್ಟಿಗಳಲ್ಲಿ ಮೂಡುವ ಗೆರೆಯ ಲೆಕ್ಕ ಗರ್ಭಪರೀಕ್ಷೆಯದಕ್ಕೆ ತಿರುವುಮುರುವು: ಮದ್ದು ಹೆಚ್ಚಿದ್ದಷ್ಟೂ ಗೆರೆ ಮಾಸುತ್ತದೆ.

ಮಿತಿಗಳೂ ಇವೆ. ಒಂದು ಪಟ್ಟಿ ಒಂದೇ ಮದ್ದನ್ನು ಗುರುತಿಸುತ್ತದೆ, ವಾರ್ಡಿನಲ್ಲಿ ಬಳಸುವವು ಹತ್ತಾರು. ‘ಇಲ್ಲ’ ಎಂದು ಬಂದರೆ ಪಟ್ಟಿಯ ಮಿತಿಗಿಂತ ಕಡಿಮೆ ಇದೆ ಎಂದಷ್ಟೇ ಅರ್ಥ. ಹಲವು ಮದ್ದುಗಳನ್ನು ಒಟ್ಟಿಗೆ ಗುರುತಿಸಲು ಈಗ ಸಂಶೋಧಕರು ರಾಮನ್ ಪರಿಣಾಮದ ಮೊರೆ ಹೋಗಿದ್ದಾರೆ. ಸಿ.ವಿ. ರಾಮನ್ 1928ರಲ್ಲಿ ಕಂಡ, 1933ರಲ್ಲಿ ಬೆಂಗಳೂರಿಗೆ ಬಂದ ಮೇಲೂ ಬೆಳೆಸಿದ ಆ ವಿದ್ಯೆಯಲ್ಲಿ ಪ್ರತಿ ಅಣುವಿಗೂ ತನ್ನದೇ ಬೆಳಕಿನ ಗುರುತಿದೆ. ಬೆಳ್ಳಿ, ಚಿನ್ನದ ಸೂಕ್ಷ್ಮ ಕಣಗಳು ಆ ಗುರುತನ್ನು ಹಲವು ಪಟ್ಟು ಹೆಚ್ಚಿಸುತ್ತವೆ.

ನಿಯಮಗಳು ಇನ್ನೂ ವಿಜ್ಞಾನದ ಹಿಂದೆಯೇ ಇವೆ. ಅಮೆರಿಕದ ‘ಯುಎಸ್‌ಪಿ 800’ ಮಾನದಂಡ ಆರು ತಿಂಗಳಿಗೊಮ್ಮೆಯಾದರೂ ಒರೆಸಿ ನೋಡಿ ಎಂದು ಶಿಫಾರಸು ಮಾಡುತ್ತದೆ, ಮಿತಿ ಹೇಳುವುದಿಲ್ಲ. ನಮ್ಮ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಕೀಮೋ ಮದ್ದಿನ ಕಸ ಹಳದಿ ಚೀಲಕ್ಕೆ ಹೋಗಬೇಕು, 1,200 ಡಿಗ್ರಿಗೂ ಮೀರಿದ ಶಾಖದಲ್ಲಿ ಸುಡಬೇಕು. ಅವು ಕಸದ ನಿಯಮಗಳು, ಮೇಜಿನ ಮಾತು ಅಲ್ಲಿಲ್ಲ.

ಶಿಡ್ಲಘಟ್ಟ ಸೀಮೆಯ ರೇಷ್ಮೆ ರೈತರಿಗೆ ಕಾಣದ ಸೋಂಕನ್ನು ಮೊದಲೇ ಪರೀಕ್ಷಿಸುವ ಪದ್ಧತಿ ಹೊಸದಲ್ಲ. ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಗಂಟುರೋಗ ಇಲ್ಲವೆಂದು ಕಂಡ ಮೇಲೆಯೇ ಮೊಟ್ಟೆ ರೈತರ ಕೈ ಸೇರುತ್ತದೆ. ರೇಷ್ಮೆ ಹುಳುವಿಗೆ ಸಿಗುವ ಈ ಎಚ್ಚರಿಕೆ ಆಸ್ಪತ್ರೆಯ ಆಯಾಗೂ ಸಿಗಬೇಕು.

ಮನೆಯಲ್ಲಿ ಪಟ್ಟಿ ಇಲ್ಲದಿದ್ದರೂ ಎಚ್ಚರಿಕೆ ಸಾಧ್ಯ. ಕೀಮೋ ಪಡೆದ ಸುಮಾರು 48 ಗಂಟೆಗಳವರೆಗೆ ರೋಗಿಯ ಮೂತ್ರ, ವಾಂತಿಗಳಲ್ಲಿ ಮದ್ದು ಇರಬಹುದು. ಅದನ್ನು ಗ್ಲೌಸ್ ಹಾಕಿ ಸ್ವಚ್ಛ ಮಾಡಬೇಕು, ಬಟ್ಟೆ ಬೇರೆ ಒಗೆಯಬೇಕು, ಗುಳಿಗೆಗಳನ್ನು ಪುಡಿ ಮಾಡಬಾರದು, ಗರ್ಭಿಣಿಯರು ಈ ಕೆಲಸದಿಂದ ದೂರ ಇರಬೇಕು. ರೋಗಿಯ ಪಕ್ಕ ಕೂರಲು, ಮುಟ್ಟಿ ಮಾತಾಡಿಸಲು ಯಾವ ಅಡ್ಡಿಯೂ ಇಲ್ಲ.

ಆರೋಗ್ಯ ಇಲಾಖೆ ಮಾಡಬೇಕಾದದ್ದು ಸ್ಪಷ್ಟ. ಪ್ರತಿ ಡೇ ಕೇರ್ ಕೇಂದ್ರದ ಖರೀದಿ ಪಟ್ಟಿಯಲ್ಲಿ ಗ್ಲೌಸು, ಗೌನುಗಳ ಜೊತೆ ಮೇಲ್ಮೈ ಪರೀಕ್ಷೆಯ ಪಟ್ಟಿಗಳಿಗೂ ಜಾಗ ಕೊಡಬೇಕು, ಫಲಿತಾಂಶವನ್ನು ಅಲ್ಲಿನ ನರ್ಸ್‌ಗಳಿಗೂ ಸ್ವಚ್ಛತಾ ಸಿಬ್ಬಂದಿಗೂ ಓದಿ ಹೇಳಬೇಕು. ಕೇಂದ್ರಗಳು ಹೊಸದಾಗಿ ತೆರೆಯುತ್ತಿರುವ ಈಗಲೇ ಇದನ್ನು ಆರಂಭಿಸಲಿ.